ಪಿಕಪ್ಪಿನ ಹೊಟ್ಟೆಯೊಳಗಿನ ಸದ್ದು

ನಮ್ಮ ಪಿಕಪ್ಪಿಗೆ ಇನ್ನೊಂದು ಸಲ ಎಫ್‌ಸಿ, ಅಂದರೆ ರಸ್ತೆಗಿಳಿಯಲು ಯೋಗ್ಯ ಎಂಬ ಸರ್ಟಿಫಿಕೇಟು, ಆಗುವ ಮಾತೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ದೊಡ್ಡಪ್ಪ. ಜಗಲಿಯ ಮೇಲೆ ಕೂತಿದ್ದ. ಗಾಡಿ ಲೋಡು ಹೊತ್ತು ಊರ ಮುಂದಿನ ರಸ್ತೆಯಲ್ಲಿ ಜೋರಾಗಿ ಬರುವಾಗಲೇ ಅದರ ಸದ್ದು ಕೇಳಿಸಿಕೊಂಡು, ಮನೆ ಮುಂದೆ ಅಪ್ಪ ಇಳಿಯುವುದನ್ನೂ ಕಾಯದೆ ತೀರ್ಪು ಕೊಟ್ಟ.

"ಕ್ರೌನ್ ಓಗ್ಬುಟ್ಟದೆ ಕಣ್ಲಾ. ಬ್ರೇಕ್ ಇನ್ಸ್‌ಪೆಕ್ಟರು ಇದನ್ನ ಗೇಟೊಳಕ್ಕೂ ಬುಡಾಕಿಲ್ಲ. ಗುಜರಿಗ್ ಆಕ್ಬುಟ್ಟು ನನ್ ಜತೆ ತೋಟಕ್ ಬಾ, ನೀರ್ ಕಟ್ಟೀವಂತೆ."

ಕ್ರೌನು ಅಂದರೆ ಹಿಂದಿನ ಆಕ್ಸಲಿನ ನಡುವೆ, ದುಂಡನೆಯ ಡಬ್ಬಿಯೊಳಗೆ ಇರುವ ದೊಡ್ಡ ಹಲ್ಲುಚಕ್ರ. ಇಂಜಿನ್ನಿನ ತಿರುವನ್ನು ಎರಡೂ ಗಾಲಿಗೆ ಹಂಚುವುದು ಅದೇ. ಅದು ಹೋಯಿತು ಅಂದರೆ ಹಳೆ ಗಾಡಿಯ ಕಥೆ ಮುಗಿಯಿತು ಎಂದೇ ನಮ್ಮ ಕಡೆ ಲೆಕ್ಕ.

ನಾನು ಡಿಗ್ರಿ ಮುಗಿಸುವುದೂ ಆಗದ ಮಾತು ಎಂದು ಹಿಂದೊಮ್ಮೆ ಹೇಳಿದ್ದವನು ಇದೇ ದೊಡ್ಡಪ್ಪ. ನಾನು ಮುಗಿಸಿದೆ. ನಮ್ಮ ವಂಶದ ಮೊದಲ ಬಿ.ಎಸ್ಸಿ. ನನ್ನದು, ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಕಿಕ್ಕೇರಿಯಿಂದ ಕೆ.ಆರ್. ಪೇಟೆ, ಅಲ್ಲಿಂದ ಮೈಸೂರು, ಬಸ್ಸಿನಲ್ಲಿ ನಿಂತೇ ಓದಿದವಳು. ಬಸ್ಸು ತಪ್ಪಿದ ದಿನ ಇದೇ ಪಿಕಪ್ಪಿನಲ್ಲಿ, ಹಿಂದೆ ಬಾಳೆಗೊನೆ ಹೇರಿಕೊಂಡು, ಪರೀಕ್ಷೆಗೆ ಹೋಗಿದ್ದೇನೆ. ಆಮೇಲೆ ಎಂ.ಎಸ್ಸಿ.ಯನ್ನೂ ಮುಗಿಸಿ ಈಗ ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಪ್ಪನ ಗಾಡಿಯ ಸದ್ದು ಎಲ್ಲಿಂದ ಬರುತ್ತದೆ ಎಂದು ಹೇಳಲಾಗದಿದ್ದರೆ ನಾನು ಶಬ್ದದ ಪಾಠ ಮಾಡಿ ಏನು ಬಂತು?

ಅಪ್ಪನ ಚಿಂತೆ ಬೇರೆ. ನೀರು ಕಟ್ಟುವ ಕೆಲಸ ಅವನಿಗೆ ಕೀಳಲ್ಲ. ಆದರೆ ಅಣ್ಣನ ತೋಟದಲ್ಲಿ, ಅಣ್ಣ ತೋರಿಸಿದ ಮಡಿಗೆ, ಬೆಳಗಾದರೆ 'ಲೇ' ಅನ್ನಿಸಿಕೊಂಡು ಕೆಲಸ ಶುರು ಮಾಡುವುದು ಬೇಡವೆಂದೇ ಅವನು ಹರೆಯದಲ್ಲಿ ಗಾಡಿ ಹಿಡಿದದ್ದು. ಎಫ್‌ಸಿ ಆಗದಿದ್ದರೆ ಬಾಡಿಗೆ ನಿಂತು, ಮುದುಕನಾಗುವ ಹೊತ್ತಿಗೆ ಮತ್ತೆ ಅದೇ ಮಡಿಗೆ ಇಳಿಯಬೇಕು. ಅವಧಿ ತೀರಲು ತಿಂಗಳೂ ಉಳಿದಿರಲಿಲ್ಲ.

ಸದ್ದು ಹೀಗಿತ್ತು: ಖಾಲಿ ಗಾಡಿಯಲ್ಲಿ ಇಲ್ಲ. ಲೋಡು ಬಿದ್ದು, ನಾಲ್ಕನೇ ಗೇರಿಗೆ ಬಂದು, ವೇಗ ಸ್ವಲ್ಪ ಏರಿದರೆ ರಾಗಿಕಲ್ಲು ಬೀಸಿದ ಹಾಗೆ ಗುರ್ರ್ ಎಂದು ಶುರುವಾಗಿ ಪಾದದಿಂದ ಮಂಡಿಗೆ ನಡುಕ ಏರುತ್ತಿತ್ತು. ನಿಧಾನ ಮಾಡಿದರೆ ಮಾಯ. ಮೆಕ್ಯಾನಿಕ್ಕಿನ ಮುಂದೆ ತಂದು ನಿಲ್ಲಿಸಿದರಂತೂ ಹುಟ್ಟಿದಾಗಿನಿಂದ ಬಾಯಿಯೇ ಬಿಟ್ಟಿಲ್ಲ ಅನ್ನುವಷ್ಟು ಸುಮ್ಮನಿರುತ್ತಿತ್ತು.

ಪಾಂಡವಪುರದಲ್ಲಿ ಅಪ್ಪ ಯಾವಾಗಲೂ ಗಾಡಿ ರಿಪೇರಿಗೆ ಬಿಡುವುದು ಒಬ್ಬ ಭಾಯಿಯ ಹತ್ತಿರ. ದೊಡ್ಡಪ್ಪನ ಮಾತು ತಲೆಯಲ್ಲಿ ಕೂತಿದ್ದರಿಂದ ಅಪ್ಪ ಕ್ರೌನನ್ನೇ ಬಿಚ್ಚಿಸಿದ. ಭಾಯಿ ಎಣ್ಣೆ ಒರೆಸಿ ಟಾರ್ಚು ಹಿಡಿದರು.

"ನೋಡಿ ಗೌಡ್ರೇ, ಒಂದ್ ಹಲ್ಲೂ ಮುಕ್ಕಾಗಿಲ್ಲ. ಕಸಮ್ ಸೇ, ನನ್ ಹಲ್ಲಿಗಿಂತ ಚೆನ್ನಾಗವೆ."

"ಅಂಗಾರೆ ಸದ್ದು?"

"ಸದ್ದು ಎಲ್ಲಾದ್ರೂ ಇರ್ತೈತೆ. ಇಲ್ಲಂತೂ ಇಲ್ಲ."

ಹೊಸ ಎಣ್ಣೆ ಹಾಕಿ ಮುಚ್ಚಿದರು. ಹಿಂದಿನ ಗಾಲಿಯ ಬೇರಿಂಗಿಗೆ ಗ್ರೀಸು ತುಂಬಿದರು. ಇಂಜಿನ್ನಿನ ಕಡೆಯಿಂದ ಕ್ರೌನಿಗೆ ತಿರುವು ಒಯ್ಯುವ ಉದ್ದನೆಯ ಶಾಫ್ಟಿನ ಹಿಂದಿನ ತುದಿಯ ಜಾಯಿಂಟಿನಲ್ಲಿದ್ದ, ಕೂಡುಗುರುತಿನಂಥ ಕ್ರಾಸು ಬದಲಾಯಿಸಿದರು. ಲೋಡು ಹೇರಿಕೊಂಡು ಕೆ.ಆರ್. ಪೇಟೆಯ ಕಡೆ ಹೊರಟು ಚಿನಕುರಳಿ ದಾಟುವುದರೊಳಗೆ ರಾಗಿಕಲ್ಲು ಮತ್ತೆ ತಿರುಗಿತು. ಅಪ್ಪ ರೇಡಿಯೋ ಆರಿಸಿದ, ಅಷ್ಟೆ. ಆಮೇಲೆ ಗಾಡಿಯೊಳಗೆ ನಾವು ಮಾತಾಡುವುದನ್ನೂ ಬಿಟ್ಟೆವು. ನಾನು ಬಾಯಿ ತೆಗೆದರೆ ಅಪ್ಪ ಕೈ ಎತ್ತಿ, "ಸುಮ್ಕಿರು, ಸುಮ್ಕಿರು, ಈಗ ಕೇಳು," ಅನ್ನುತ್ತಿದ್ದ.

ಆದದ್ದಾಗಲಿ ಎಂದು ನಾಗಮಂಗಲಕ್ಕೆ ಎಫ್‌ಸಿಗೆ ಒಯ್ದೆವು. ದೂರದ ಪ್ರಯಾಣವಲ್ಲವೇ ಎಂದು ಅಪ್ಪ ಅದೇ ದಾರಿಗೆ ಒಂದು ಬಾಡಿಗೆಯನ್ನೂ ಹಿಡಿದಿದ್ದ. ಲೋಡು ಇಳಿಸದೆ ಹೋದದ್ದೇ ತಪ್ಪಾಯಿತು. ಇನ್ಸ್‌ಪೆಕ್ಟರು ತಾವೇ ಹತ್ತಿ ಒಂದು ಸುತ್ತು ಓಡಿಸಿ ಬಂದು, ಗದರಿಸದೆ ಮೆಲ್ಲಗೇ ಹೇಳಿದರು: "ಬ್ರೇಕು, ಲೈಟು ಎಲ್ಲ ಸರಿ ಇದೆ ಯಜಮಾನ್ರೇ. ಕೆಳಗಿಂದ ಸದ್ದು ಬರ್ತಿದೆ. ಅದನ್ನ ಸರಿ ಮಾಡ್ಸಿ ತನ್ನಿ. ದಾರೀಲಿ ಶಾಫ್ಟ್ ಕಳಚಿದ್ರೆ ನಿಮ್ಮ ಜೀವಕ್ಕೇ ತೊಂದ್ರೆ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ನನ್ನನ್ನು ಇನ್ನೂ ಕಂಗೆಡಿಸಿತು.

ಆ ವಾರ ನನಗೆ ಎಲ್ಲೆಲ್ಲೂ ಅದೇ ಸದ್ದು. ತರಗತಿಯ ಫ್ಯಾನಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೋಗುವ ರೈಲಿನಲ್ಲಿ. ಪಾಠದ ನಡುವೆ ನಿಂತು ಕಿಟಕಿಯಾಚೆ ಹೋಗುವ ಲಾರಿಗೆ ಕಿವಿಗೊಡುತ್ತಿದ್ದೆ. ಒಬ್ಬ ಹುಡುಗಿ, "ಮೇಡಂ, ಉತ್ತರ ಬರೀಲಾ?" ಎಂದು ಕೇಳಿದಾಗ ಯಾವ ಪ್ರಶ್ನೆ ಕೇಳಿದ್ದೆ ಎಂಬುದೇ ನೆನಪಿಗೆ ಬರಲಿಲ್ಲ.

ಭಾನುವಾರ ಅಪ್ಪನನ್ನು ಎಬ್ಬಿಸಿ ಗಾಡಿಗೆ ಮನೆಯ ಭತ್ತದ ಮೂಟೆಗಳನ್ನು ಹೇರಿಸಿದೆ. ಅವ್ವ ಒಲೆ ಊದುವ ಕಬ್ಬಿಣದ ಕೊಳವೆ ಗೋಡೆಗೆ ಒರಗಿತ್ತು, ತೆಗೆದುಕೊಂಡೆ.

"ಅದ್ಯಾಕೆ? ಕೊಳ್ವೆ ಎತ್ಕಂಡ್ ಎಲ್ಗೆ ಓಯ್ತಿದ್ದೀ?" ಅವ್ವ ಕೇಳಿದಳು.

"ಸದ್ದು ಹುಡುಕೋಕೆ."

ಜಗಲಿಯಿಂದ ದೊಡ್ಡಪ್ಪ ನಕ್ಕ. "ಏನ್ಲಾ, ಗಾಡಿ ಬಸುರಾಗದೆ ಅಂತ ನಿನ್ ಮಗ್ಳು ಕಿವಿಯಿಟ್ಟು ನೋಡ್ತಾಳಾ?"

"ಎರಿಗೆ ಆದ್ರೆ ಕರಿತೀವಿ ಬುಡಣ್ಣ," ಎಂದು ಅಪ್ಪ ಗೇರು ಹಾಕಿದ.

ನಾಲೆ ಏರಿಯ ಪಕ್ಕದ ರಸ್ತೆ ಆ ಹೊತ್ತಿಗೆ ಖಾಲಿ. ಮೊದಲು ಸದ್ದು ಶುರುವಾದ ಕೂಡಲೇ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿಸಿದೆ. ಇಂಜಿನ್ನಿನ ದನಿ ಇಳಿಯಿತು, ಗುರ್ರ್ ಸದ್ದು ನಿಲ್ಲಲಿಲ್ಲ. ಅಂದರೆ ಇಂಜಿನ್ನಲ್ಲ. ಎಡಕ್ಕೂ ಬಲಕ್ಕೂ ಮೆಲ್ಲಗೆ ಓಲಾಡಿಸು ಎಂದೆ. ಭಾರ ಒಂದು ಗಾಲಿಯಿಂದ ಇನ್ನೊಂದಕ್ಕೆ ಬಿದ್ದರೂ ಸದ್ದು ಏರಲಿಲ್ಲ, ಇಳಿಯಲಿಲ್ಲ. ಗಾಲಿಯ ಬೇರಿಂಗೂ ಅಲ್ಲ. ಆಮೇಲೆ ಇಳಿದು ಹಿಂದಿನ ತೊಟ್ಟಿಗೆ ಹತ್ತಿ, ಅಪ್ಪ ಮತ್ತೆ ಓಡಿಸಿದಾಗ ಮೂಟೆಗಳ ಮಧ್ಯೆ ಮಗ್ಗುಲಾಗಿ ಒರಗಿ, ಕೊಳವೆಯ ಒಂದು ತುದಿಯನ್ನು ತಗಡಿಗೆ ಒತ್ತಿ ಇನ್ನೊಂದನ್ನು ಕಿವಿಗಿಟ್ಟೆ. ಮೊದಲು ಕ್ರೌನಿನ ನೇರಕ್ಕೆ. ಬರೀ ದೂರದ ಗೊಣಗು. ಸ್ವಲ್ಪ ಮುಂದೆ ಸರಿದೆ. ಇನ್ನೂ ಮುಂದೆ. ತೊಟ್ಟಿಯ ಮುಂಭಾಗಕ್ಕೆ, ಅಪ್ಪನ ಸೀಟಿನ ಹಿಂದಕ್ಕೆ ಬಂದಾಗ ಕಿವಿಯೊಳಗೆ ಯಾರೋ ಜಲ್ಲಿ ಸುರಿದ ಹಾಗಾಯಿತು. ಕೊಳವೆ ಕೈಜಾರಿತು.

ತಗಡು ಬಡಿದೆ. ಅಪ್ಪ ಗಾಡಿ ನಿಲ್ಲಿಸಿ ಓಡಿಬಂದ.

"ಹಿಂದೆ ಅಲ್ಲ ಅಪ್ಪ, ನಡುವೆ! ಎಲ್ಲಾರೂ ಹಿಂದೆ ಹುಡುಕ್ತಾ ಇದ್ರಿ!"

ಗಾಡಿ ಉದ್ದ ಇರುವುದರಿಂದ ಅದರ ಶಾಫ್ಟು ಒಂದೇ ತುಂಡಲ್ಲ, ಎರಡು. ಎರಡೂ ಸೇರುವ ಕಡೆ ರಬ್ಬರಿನ ಬಳೆಯೊಳಗೆ ಒಂದು ಬೇರಿಂಗು ನೇತಾಡುತ್ತದೆ. ಅದಕ್ಕೆ ಸೆಂಟರ್ ಬೇರಿಂಗ್ ಅನ್ನುತ್ತಾರೆ. ಲೋಡು ಬಿದ್ದು ಹಿಂಭಾಗ ಕುಗ್ಗಿದರೆ ಶಾಫ್ಟಿನ ಓರೆ ಬದಲಾಗಿ ಅದರ ಮೇಲೆ ಎಳೆತ ಬೀಳುತ್ತದೆ. ಖಾಲಿ ಗಾಡಿ ಯಾಕೆ ಸುಮ್ಮನಿರುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

ಸೋಮವಾರ ರಜೆ ಹಾಕಿ ಪಾಂಡವಪುರಕ್ಕೆ ಹೋದೆವು. ಭಾಯಿ ಒಪ್ಪಲಿಲ್ಲ. "ಕೈಯಲ್ಲಿ ಅಲ್ಲಾಡ್ಸಿ ನೋಡಿದೀನಮ್ಮಾ, ರಬ್ಬರ್ ಗಟ್ಟಿ ಐತೆ."

"ರಬ್ಬರ್ ಗಟ್ಟಿ ಇರ್ಲಿ ಭಾಯಿ. ಒಳಗಡೆ ನೋಡೋಣ. ನನ್ನ ಕಿವಿ ಸುಳ್ಳಾದ್ರೆ ನಾನೇ ತಿರ್ಗಾ ಬೋಲ್ಟ್ ಹಾಕಿ ಕೊಡ್ತೀನಿ."

"ಬೋಲ್ಟ್ ಬೇಡ, ಚಹಾ ಕುಡಿಸಮ್ಮಾ, ಸಾಕು," ಎಂದು ಗಾಡಿ ಕೆಳಕ್ಕೆ ಜಾರಿದರು.

ಶಾಫ್ಟು ಇಳಿಯಿತು. ಬೇರಿಂಗಿನ ಮುಂದಿನ ಧೂಳುಮುಚ್ಚಳ ಒಂದು ಕಡೆ ಬಾಯಿ ಬಿಟ್ಟಿತ್ತು. ಅದರ ಹಿಂದೆ ಕಪ್ಪಗೆ, ಬಳೆಯ ಹಾಗೆ, ಏನೋ ಬಿಗಿದುಕೊಂಡಿತ್ತು. ಭಾಯಿ ಮೊದಲು ಅದನ್ನು ರಬ್ಬರೆಂದೇ ತಿಳಿದರು. ಸ್ಕ್ರೂಡ್ರೈವರಿನಿಂದ ಮೀಟಿದಾಗ ಎಳೆ ಎಳೆಯಾಗಿ ಬಂತು. ಗ್ರೀಸಿನಲ್ಲಿ ಬೆಂದು, ಹಗ್ಗದ ಹಾಗೆ ಹೊಸೆದುಕೊಂಡ ಬಳ್ಳಿ. ಅಪ್ಪ ಒಂದು ಎಳೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. ಮುಖ ಬಾಡಿತು.

"ಉಳ್ಳಿ ಕಣವ್ವ ಇದು."

ಹುರುಳಿಯನ್ನು ನಮ್ಮ ಕಡೆ ಉಳ್ಳಿ ಅನ್ನುತ್ತಾರೆ. ಕಿತ್ತ ಮೇಲೆ ನಾಗಮಂಗಲದ ರಸ್ತೆಗಳಲ್ಲಿ ಉದ್ದಕ್ಕೂ ಹಾಸುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಕಾರಿನವರು ಬೈದುಕೊಂಡು ಪಕ್ಕಕ್ಕೆ ಸುತ್ತಿ ಹೋಗುತ್ತಾರೆ. ನಮ್ಮ ಅಪ್ಪನಂಥವರಿಗೆ ಹಾಗೆ ಸುತ್ತಿ ಹೋಗುವುದೆಂದರೆ ಊಟಕ್ಕೆ ಕರೆದವರ ಮುಂದೆ ಎಲೆ ಬಿಟ್ಟು ಎದ್ದ ಹಾಗೆ. ಎಲ್ಲಿ ದಪ್ಪ ಬಿದ್ದಿದೆ ನೋಡಿ ಅಲ್ಲಿಗೇ ಹತ್ತಿಸುತ್ತಾರೆ.

"ಸುಗ್ಗೀಲಿ ನಾಗಮಂಗ್ಲದ್ ರೋಡಲ್ಲಿ ಯಾರೋ ಅಜ್ಜಿ ಒಬ್ಳೇ ಕವೆಗೋಲ್ ಇಡ್ಕಂಡ್ ನಿಂತಿದ್ಲು," ಅಪ್ಪ ಹೇಳಿದ. "'ಅಪ್ಪಾ, ಇನ್ನೊಂದ್ ಸುತ್ತು ಬಾರಪ್ಪ' ಅಂದ್ಲು. ಎಂಗ್ ಇಲ್ಲ ಅನ್ನಾದು? ತಿರ್ಗುಸ್ಕಂಡ್ ಬಂದೆ."

"ಎಷ್ಟು ಸುತ್ತು?"

"ಅದೇನ್ ಎಣುಸ್ತಾರಾ? ಆಮೇಕೆ ಶಾಫ್ಟಿಗೆ ಸುತ್ಕಂಡಿದ್ದನ್ನೆಲ್ಲ ಕುಡ್ಲಲ್ಲಿ ಕುಯ್ದು ತೆಗ್ದಿದ್ನಲ್ಲ!"

ಕಂಡದ್ದನ್ನು ತೆಗೆದಿದ್ದ. ಕಾಣದ್ದು ಒಳಗೆ ತೂರಿ, ಮುಚ್ಚಳ ತಳ್ಳಿ, ಬೇರಿಂಗಿಗೆ ದಾರಿಯ ಧೂಳನ್ನೆಲ್ಲ ತಿನ್ನಿಸಿತ್ತು. ಭಾಯಿ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರು. ಗುರ್ರ್ ಎಂದಿತು. ಅಷ್ಟು ಚಿಕ್ಕ ವಸ್ತು.

ಭಾಯಿಗೆ ನಗು ತಡೆಯಲಾಗಲಿಲ್ಲ. "ಗೌಡ್ರೇ, ನಿಮ್ ಗಾಡಿ ಒಕ್ಕಣೆ ಮಾಡಿ ಸುಮ್ನೆ ಬಂದಿಲ್ಲ. ಕೂಲಿ ಈಸ್ಕೊಂಡೇ ಬಂದೈತೆ!"

ಅಪ್ಪ ತಾನೂ ಗ್ಯಾರೇಜಿನ ಕಂಬ ಹಿಡಿದು ನಕ್ಕ. ಚಹಾ ಮಾತ್ರ ಭಾಯಿಯೇ ತರಿಸಿದರು. ಸೋತವನು ನಾನೇ ಎಂದರು.

ಹೊಸ ಬೇರಿಂಗು ಹಾಕಿಸಿ, ಬೇಕೆಂದೇ ಅದೇ ಮೂಟೆಗಳನ್ನು ಹೇರಿಕೊಂಡು ಎಲ್ಲ ವೇಗದಲ್ಲೂ ಓಡಿಸಿ ನೋಡಿದೆವು. ಏನೂ ಇಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ನಾಗಮಂಗಲದಲ್ಲಿ ಇನ್ಸ್‌ಪೆಕ್ಟರು ಮೂಟೆ ಸಮೇತ ಗಾಡಿ ತಗೊಂಡು ರಸ್ತೆ ತಿರುವಿನಾಚೆ ಮರೆಯಾದಾಗ ನಾನು ಗೇಟಿನ ಕಂಬಿ ಹಿಡಿದು ನಿಂತೆ. ನನ್ನ ರಿಸಲ್ಟಿಗೂ ನಾನು ಹೀಗೆ ಕಾದಿರಲಿಲ್ಲ. ಅಪ್ಪ ನೋಡಲಾರದೆ ಬೆನ್ನು ತಿರುಗಿಸಿ ನಿಂತಿದ್ದ. ಗಾಡಿ ವಾಪಸು ಬಂತು. ಇನ್ಸ್‌ಪೆಕ್ಟರು ಇಳಿದು, ಕೀ ಅಪ್ಪನ ಕೈಗಿಟ್ಟು, "ಏನ್ ಮಾಡ್ಸಿದ್ರಿ?" ಎಂದರು.

"ಉಳ್ಳಿ ತೆಗುಸ್ದೆ ಸಾ," ಎಂದ ಅಪ್ಪ. ಅವರಿಗೆ ಅರ್ಥವಾಗಲಿಲ್ಲ. ಅಪ್ಪ ವಿವರಿಸಲೂ ಇಲ್ಲ.

ಎಫ್‌ಸಿ ಪಾಸಾಯಿತು. ಎದುರಿನ ಅಂಗಡಿಯಲ್ಲಿ ಅದರ ಪ್ರಿಂಟು ತೆಗೆಸಿ ತಂದು, ಸ್ಟೀರಿಂಗ್ ಮುಂದೆ ಕೂತಿದ್ದ ಅಪ್ಪನಿಗೆ ಕೊಟ್ಟೆ. ಅಪ್ಪ ಕೈಯನ್ನು ಪ್ಯಾಂಟಿಗೆ ಎರಡೂ ಕಡೆ ಒರೆಸಿಕೊಂಡು ಸರ್ಟಿಫಿಕೇಟನ್ನು ಈಸಿಕೊಂಡ, ತೋಳುದ್ದ ಹಿಡಿದು ತಾರೀಖು ಓದಿದ, ಬಿಸಿಲುತಡೆಯ ಹಿಂದೆ ಸಿಕ್ಕಿಸಿದ. ನಾನು ಹತ್ತಿ ಕೂತೆ. ಊರ ಕಡೆಗೆ ಸ್ವಲ್ಪ ದೂರ ಬಂದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ:

"ಏನಾರ ಮಾತಾಡವ್ವ. ಗಾಡಿ ಇಷ್ಟ್ ಸುಮ್ಕಿದ್ರೆ ನಂಗೆ ನಿದ್ದೆ ಬತ್ತದೆ."