ಹೇಳಿದ ದಿನಕ್ಕೇ ಕೊಡುವ ಟೈಲರಮ್ಮ

ಹೇಳಿದ ದಿನಕ್ಕೇ ಬಟ್ಟೆ ಹೊಲಿದುಕೊಡುವ ದರ್ಜಿ ಭೂಮಿಯ ಮೇಲೆ ಒಬ್ಬರಿದ್ದರೆ ಅದು ತನ್ನ ಅಮ್ಮನೇ ಎಂದು ಟೈಲರಮ್ಮನ ಮಗಳು ಎದೆ ತಟ್ಟಿ ಹೇಳುತ್ತಾಳೆ. ಮೆಟ್ಟಿಲ ಕೆಳಗಿನ ಅವರ ಅಂಗಡಿ ಎಷ್ಟು ಚಿಕ್ಕದೆಂದರೆ, ಅಮ್ಮ ಆಕಳಿಸಬೇಕಾದರೆ ಮಗಳು ಹೊರಗೆ ಹೋಗಬೇಕು. ಟೈಲರಮ್ಮ ಮೈಮೇಲೊಂದು, ಹಗ್ಗದ ಮೇಲೊಂದು ಎಂದು ಎರಡೇ ಉಡುಪಿನಲ್ಲಿ ವರ್ಷ ದೂಡುವವಳು. ಆದರೆ ಬೀದಿಯ ಎಳೆಮಕ್ಕಳಿಗೆಲ್ಲ ಉಳಿದ ತುಂಡಿನಲ್ಲಿ ಪುಕ್ಕಟೆ ಅಂಗಿ ಹೊಲಿಯುತ್ತಾಳೆ; ಅದಕ್ಕೂ ಮೊದಲು "ಈ ತುಂಡು ನಾನಿಟ್ಕೊಳ್ಲಾ?" ಎಂದು ಗಿರಾಕಿಯನ್ನು ಕೇಳದೆ ಬಿಡುವುದಿಲ್ಲ. ಹಿಂದೆ ಸಾಲ ಮಾಡಿ ಪೇಟೆಯ ನಡುವೆ ಗಾಜಿನ ಬಾಗಿಲಿನ ದೊಡ್ಡ ಹೊಲಿಗೆ ಅಂಗಡಿ ಹಾಕಿ ಕೈಸುಟ್ಟುಕೊಂಡದ್ದನ್ನು ಯಾರಾದರೂ ಕೆದಕಿದರೆ, "ಸಾಲ ಕೊಟ್ಟಿದ್ದು ಬಟ್ಟೆ ವ್ಯಾಪಾರಿ ನಿಜ, ಆದ್ರೆ ಕೇಳಿದ್ದು ನನ್ನ ಜಂಭ ಕಣ್ರಿ" ಎಂದು ನಕ್ಕುಬಿಡುತ್ತಾಳೆ. ಆ ವ್ಯಾಪಾರಿ ಒಮ್ಮೆ ಮನಸ್ಸು ಕರಗಿ, "ಅರ್ಧ ಬಿಟ್ಟುಬಿಡ್ತೀನಿ ತಾಯಿ" ಎಂದಾಗ, "ಬಿಡಬೇಡಿ ಅಣ್ಣ, ನನ್ನ ಮಗಳು ನೋಡ್ತಿದ್ದಾಳೆ" ಎಂದಿದ್ದಳು. ಸಾಲ ತೀರಲು ಹಿಡಿದ ಅಷ್ಟೂ ವರ್ಷ ಅವನ ಮುಂದೆ ನಿಂತೇ ಕಂತು ಕಟ್ಟಿದಳು. ಎಷ್ಟು ಒತ್ತಾಯ ಮಾಡಿದರೂ ಕೂರಲಿಲ್ಲ. ಕೊನೆಯ ಕಂತು ಕೊಟ್ಟ ದಿನ ಮಾತ್ರ ತಾನೇ ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, "ಈಗ ಒಂದು ಟೀ ತರಿಸಿ ಅಣ್ಣ" ಎಂದಳು. ವ್ಯಾಪಾರಿ ಯಾರನ್ನೂ ಕೂಗಲಿಲ್ಲ, ತಾನೇ ಎದ್ದು ಹೋಗಿ ತಂದ. ಅಮ್ಮ ಅದನ್ನು ಕೊನೆಯ ಗುಟುಕಿನವರೆಗೂ ಆತುರವಿಲ್ಲದೆ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೋರಿಸಬೇಕೆನಿಸಿತು.