ಆಲ್ಟೊ ಸಾಲಿನಲ್ಲಿ ನಮ್ಮಜ್ಜಿ

ಇವತ್ತು ಬೆಳಿಗ್ಗೆ ಪರ್ಸು ತೆರೆದರೆ ನೀಲಗಿರಿ ಎಣ್ಣೆಯ ಗಂಟಲು ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ನಿಮಗೆ ನಗು ಬರಬಹುದು, ಆ ವಾಸನೆಗೆ ನನ್ನೆದೆ ಈಗಲೂ ಡವಡವ ಎನ್ನುತ್ತದೆ. ಹೋದ ವರ್ಷ ಅದನ್ನು ಚೀಪುತ್ತಲೇ ನಾನೊಂದು ಸುಳ್ಳು ಹೇಳಿದ್ದೆ.

ಇಲ್ಲಿ ಅಮೆರಿಕದಲ್ಲಿ, ಬೆರ್ರಿಯೆಸಾ ಬಡಾವಣೆಯ ಚರ್ಚ್ ಹಾಲೊಂದರಲ್ಲಿ, ವೆಲ್ಶ್ ಭಾಷೆಯಲ್ಲಿ ಹಾಡುವ ಕ್ವಾಯರ್, ಅಂದರೆ ಗಾಯನ ತಂಡ, ಇದೆ. ವೇಲ್ಸ್ ನಾಡನ್ನು ನಾನು ಕಂಡವಳಲ್ಲ. ಆದರೆ ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನನ್ನು ಆಲ್ಟೊದಲ್ಲಿ, ಅಂದರೆ ಕೆಳದನಿಯ ಹುಡುಗಿಯರ ಸಾಲಿನಲ್ಲಿ, ನಿಲ್ಲಿಸಿ ಕಲಿಸಿದ ವೆಲ್ಶ್ ಹಾಡೊಂದು ಅರವತ್ತು ವರ್ಷ ನಾಲಿಗೆಯ ಮೇಲೆಯೇ ಉಳಿದಿತ್ತು. ಅರ್ಥ ಗೊತ್ತಿಲ್ಲ, ರೊಟ್ಟಿ ಬಡಿಯುವಾಗ ತಾನಾಗಿ ಬರುತ್ತಿತ್ತು. ಅದೊಂದನ್ನೇ ನೆಚ್ಚಿಕೊಂಡು ಹೋದೆ. ಹಾಡಿಸುವ ಗ್ವೆನ್, "ನಿಮ್ಮವರು ವೇಲ್ಸಿನ ಯಾವ ಕಡೆಯವರು?" ಎಂದಾಗ, ಹೊರಗೆ ಕಳಿಸಿಬಿಟ್ಟಾರೆಂಬ ಭಯಕ್ಕೆ, "ನಮ್ಮ ಗ್ರ್ಯಾಂಡ್‌ಮದರ್ ಅಲ್ಲಿಯವರು" ಎಂದುಬಿಟ್ಟೆ. ಸುಳ್ಳಾಡಿದ ಬಾಯಿಗೆ ಸೋಪು ಹಾಕುತ್ತೇನೆನ್ನುತ್ತಿದ್ದ ಆ ಸಿಸ್ಟರೇ ನೆನಪಾದರು.

ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಆ ವೆಲ್ಶ್ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಉರುಹೊಡೆಯುತ್ತಿದ್ದೆ. ಮೊಮ್ಮಗಳು ಇಣುಕಿ, "ಅಜ್ಜಿ, ದಟ್ಸ್ ಸೋ ಫೇಕ್!" ಎಂದಳು.

"ಗಂಟಲಂತೂ ನಂದೇ ಅದ, ಸುಮ್ನಿರು" ಎಂದೆ. ಆದರೆ ಆ ಮಾತು ಚುಚ್ಚಿತು.

ಮಾರ್ಚಿನ ಕಾರ್ಯಕ್ರಮಕ್ಕೆ ಎಲ್ಲರೂ ತಮ್ಮ ವೇಲ್ಸಿನ ಹಿರಿಯರ ಫೋಟೊ ತರಬೇಕು, ಟೇಬಲ್ ಮೇಲೆ ಸಾಲಾಗಿ ಇಡೋಣ ಎಂದರು ಗ್ವೆನ್. ವಾರವಿಡೀ ನನಗೆ ಅನ್ನ ಸೇರಲಿಲ್ಲ. ಮೊಮ್ಮಗಳ ಐಪ್ಯಾಡಿನಲ್ಲಿ ಕದ್ದು ಹುಡುಕಿ, ವೇಲ್ಸಿನ ಹೆಂಗಸರು ತೊಡುವ ಎತ್ತರದ ಕರಿ ಹ್ಯಾಟಿನ ಮುದುಕಿಯೊಬ್ಬಳ ಫೋಟೊ ಆರಿಸಿಯೂ ಇಟ್ಟಿದ್ದೆ. ಅವಳ ಕಣ್ಣು ನೋಡಿ ನಾಚಿಕೆಯಾಯಿತು. ಅವಳೂ ಯಾರದೋ ಅಜ್ಜಿ.

ಕೊನೆಗೆ ನನ್ನ ಅಜ್ಜಿಯದನ್ನೇ ಒಯ್ದೆ. ಇಳಕಲ್ ಸೀರೆ, ಮೂಗಿಗೆ ನತ್ತು, ಫೋಟೊಗ್ರಾಫರನ ಮೇಲೆ ಸಿಟ್ಟು.

ಗ್ವೆನ್ ಕನ್ನಡಕ ಏರಿಸಿದರು. "ಇವರು ವೇಲ್ಸಿನವರಲ್ಲ."

"ಅಲ್ಲ. ಐ ಲೈಡ್."

ನಾನು ಗುಳಿಗೆ ಚೀಪುತ್ತಿದ್ದಂತೆ ಅವರು ಫೋಟೊ ಕೈಗೆತ್ತಿಕೊಂಡು ಅಜ್ಜಿಯ ನತ್ತನ್ನು ಹತ್ತಿರದಿಂದ ನೋಡಿದರು. ಆಮೇಲೆ, "ಸುಳ್ಳು ಯಾಕೆ ಬೇಕಿತ್ತು? ನಮ್ಮಲ್ಲಿ ಆಲ್ಟೊಗಳೇ ಇರಲಿಲ್ಲ!" ಎಂದು ರೇಗಿ, ನಮ್ಮಜ್ಜಿಯನ್ನು ಟೇಬಲ್ ಮೇಲಿನ ಹ್ಯಾಟಿನವರ ನಡುವೆ ಇಟ್ಟರು. ಕ್ಷಮಿಸಿದರೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಇವತ್ತು ಮಧ್ಯಾಹ್ನದ ಪ್ರಾಕ್ಟೀಸಿಗೆ ಹೊಸಬಳೊಬ್ಬಳು ಬಂದಳು. ಬಾಗಿಲಲ್ಲೇ ನಿಂತು, "ನನ್ನವರು ಅಂತ ವೇಲ್ಸಿನಲ್ಲಿ ಯಾರೂ..." ಎಂದು ತೊದಲಿದಳು. ಅವಳಿಗೊಂದು ಗುಳಿಗೆ ಕೊಟ್ಟು, ಅವಳು ಕೂರಲೆಂದು ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಪರ್ಸು ಎತ್ತಿಕೊಂಡೆ.