ಅಪ್ಪನ ಕಂಪ್ಯೂಟರಿನ್ಯಾಗಿದ್ದ ಸಾಹೇಬ್ರು

ಇದನ್ನ ನೀವು ನಂಬಾಂಗಿಲ್ಲ. ಅದೇನ್ ಹೊಸಾದಲ್ಲ ಬಿಡ್ರಿ, ನಾ ಹೇಳಿದ್ದನ್ನ ಯಾವತ್ತ ಯಾರು ನಂಬ್ಯಾರ? ಹಸಿವಾಗೈತಿ ಅಂದ್ರ ನಮ್ಮವ್ವ ಸಾಕ್ಷಿ ಕೇಳ್ತಾಳ. ಆದ್ರ ಇದು ಖರೇ ನಡದಿದ್ದು. ಭೂಮಿ ಮ್ಯಾಲ ಇಲ್ಲದ ಒಬ್ಬ ಮನಷ್ಯ ಹತ್ರಹತ್ರ ಒಂದು ವರ್ಷ ನಮ್ಮಪ್ಪನ ಧಂದೆ ನಡಸಿದ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಕಡಿ ಮಂದಿ ಅವನಿಗೆ ಸಲಾಮ್ ಹೊಡದ್ರು. ಅವನ್ನ ಹುಟ್ಟಿಸಿದವ್ನು ನಾನು. ಆವಾಗ ನನಗ ಮೀಸಿ ಸೈತ ಸರಿಯಾಗಿ ಬಂದಿರಲಿಲ್ಲ.

ನಮ್ಮಪ್ಪಂದು ಜನರೇಟರ್ ರಿಪೇರಿ ಕೆಲ್ಸ. ಬಳ್ಳಾರಿ ಸತ್ಯನಾರಾಯಣಪೇಟ್ಯಾಗ ನಮ್ಮ ಮನಿ ಮುಂದಿನ ಖೋಲಿನ ಆಫೀಸು. ಮೈನಿಂಗ್ ಜೋರ್ ನಡದಿತ್ತು, ಊರಾಗ ಮಂದಿಗಿಂತ ಜನರೇಟರ್ ಜಾಸ್ತಿ ಆಗಿದ್ವು. ಒಬ್ರ ಮನ್ಯಾಗ ನಾಯಿ ಮಲಗೋ ಎಸಿಗೇ ಬ್ಯಾರೆ ಜನರೇಟರ್ ಇತ್ತಂತ. ನಾ ನೋಡಿಲ್ಲ, ಆದ್ರ ಹೇಳಾಕ ಏನ್ ರೊಕ್ಕ ಕೊಡಬೇಕಾ. ಅದಿರಿನ ಲಾರಿ ಧೂಳಿಗೆ ಅವ್ವ ಮುಂಜಾನಿ ಒಣಗಾಕ ಹಾಕಿದ ಬಿಳಿ ಲುಂಗಿ ಸಂಜಿಗೆ ಕಾವಿ ಆಗಿರ್ತಿತ್ತು. ಅಪ್ಪ ಅದನ್ನ ಉಟ್ಕಂಡು ನಮಾಜಿಗೆ ಹೊಂಟ್ರ ಯಾವ್ದೋ ಮಠದ ಸ್ವಾಮ್ಯಾರು ದಾರಿ ತಪ್ಪಿ ಮಸೀದಿಗೆ ಬಂದಂಗ ಕಾಣ್ತಿತ್ತು.

ಅಪ್ಪನ ಕೈಯಾಗ ಮೆಕ್ಯಾನಿಕ್ಕುಗಳು ಬಾಳ ಮಂದಿ ಇದ್ರು. ಅವ್ರಾಗ ದೊಡ್ಡವ್ರು ಇಬ್ರು. ಸಿರುಗುಪ್ಪದ ರೈಸ್‌ಮಿಲ್ ಎಲ್ಲಾ ನೋಡ್ಕಣಾವ ನಮ್ಮ ಮಾಮ, ಅಂದ್ರ ಅವ್ವನ ತಮ್ಮ. ಕುರುಗೋಡಿನ ಕಲ್ಲು ಕ್ವಾರಿ ನೋಡ್ಕಣಾವ ಅಪ್ಪನ ಹಳೇ ದೋಸ್ತ, ಹಣಿ ತುಂಬ ವಿಭೂತಿ ಹಚ್ಚಾವ, ನಾವು ಕಾಕಾ ಅಂತಿದ್ವಿ. ಆಫೀಸಿನ್ಯಾಗ ಫೋನ್ ಎತ್ತಾಕಿ ನಮ್ಮಕ್ಕ. ಬಿಕಾಂ ಮುಗಿಸಿ ಅಲ್ಲೇ ಕುಂತಿದ್ಲು. ಎಲ್ಲಿ ಕೆಟ್ಟೈತಿ, ಯಾರನ್ನ ಕಳಸಬೇಕು, ಯಾರ ಗಾಡ್ಯಾಗ ಯಾವ ಸಾಮಾನೈತಿ, ಎಲ್ಲಾ ಆಕಿದ.

ಅಕ್ಕಗ ಸಿರುಗುಪ್ಪದ ಕಡಿಯಿಂದ ಒಂದು ಸಂಬಂಧ ಬಂದಿತ್ತು. ಅವ್ರು ಕೇಳಿದಾಗೆಲ್ಲಾ ಅಪ್ಪ, "ಡೆಸ್ಕ್ ನೋಡ್ಕಣಾಕ ಬ್ಯಾರೆ ಯಾರೂ ಇಲ್ಲ, ಸ್ವಲ್ಪ ತಡೀರಿ" ಅಂತ ಮುಂದಕ್ಕ ಹಾಕ್ತಿದ್ದ. ಅಕ್ಕ ನನಗ ಒಬ್ಬನಿಗೇ ಹೇಳಿದ್ಲು, "ಈ ಕುರ್ಚಿ ಇರೋತನಕ ನಾ ಇಲ್ಲಿ ಇರ್ತೀನಿ. ಇದು ಹೋತಂದ್ರ ಅಲ್ಲಿ ಹೋಗಿ ರೊಟ್ಟಿ ಬಡಿಯೋದ. ಅಪ್ಪ ತಾನಾಗೇ ಒಂದಿನ ಇವಳ ನಮ್ಮ ಮ್ಯಾನೇಜರ್ ಅಂತ ಹೇಳಬೇಕು, ಹಂಗ ಕೆಲ್ಸ ಮಾಡ್ತೀನಿ ನೋಡು."

ಅಷ್ಟ್ರಾಗ ಒಂದು ಅದಿರು ಕಂಪನಿಯವ್ರು ಹೇಳಿ ಕಳಿಸಿದ್ರು. ನಮ್ಮ ಜನರೇಟರ್ ಎಲ್ಲಾ ನಿಮಗ ಕೊಡ್ತೀವಿ, ಆದ್ರ ಕಂಪ್ಲೇಂಟ್ ಕಂಪ್ಯೂಟರಿನ್ಯಾಗ ಬರಬೇಕು, ಯಾರು ಹೋದ್ರು, ಯಾವಾಗ ಸರಿ ಆತು ಅಂತ ನಮಗ ಕಾಣಬೇಕು ಅಂತ. ಅಪ್ಪ ಬೆಂಗಳೂರಿನವ್ನೊಬ್ಬನ ಹತ್ರ ಸಾಫ್ಟ್‌ವೇರ್ ತಗಂಡ. ಅವ್ನು ಟೈ ಕಟ್ಕಂಡು ಬಂದು, ಮಧ್ಯಾಹ್ನಕ್ಕ ಆ ಟೈಯಾಗೇ ಬೆವರು ಒರಸ್ಕಂತ ಕುಂತು ಎಲ್ಲಾ ಹೇಳಿಕೊಟ್ಟ. ಒಬ್ಬೊಬ್ರಿಗೆ ಒಂದೊಂದು ಅಕೌಂಟ್, ಒಂದೊಂದು ಪಾಸ್‌ವರ್ಡ್. ಯಾರು ಬರೇ ಬರೀಬಹುದು, ಯಾರು ಒಪ್ಪಿಗಿ ಕೊಟ್ಟು ಮೆಕ್ಯಾನಿಕ್ಕನ್ನ ಕಳಸಬಹುದು, ಯಾರು ಅಕೌಂಟ್ ಮಾಡಬಹುದು, ಅಳಸಬಹುದು, ಎಲ್ಲಾದಕ್ಕೂ ಪರ್ಮಿಶನ್ ಕೊಡಬೇಕು. ಒಪ್ಪಿಗಿ ಕೊಟ್ಟ ಕೂಡ್ಲೆ ಮೆಕ್ಯಾನಿಕ್ ಮೊಬೈಲಿಗೆ ಮೆಸೇಜ್ ಹೋಗ್ತೈತಿ.

"ಸರ್, ಕೆಲಸ ಹಂಚೋರು ಯಾರು?" ಅಂತ ಕೇಳಿದ ಅವ್ನು.

"ನನ್ನ ಮಗಳು."

"ಹಾಗಾದ್ರೆ ಅವರಿಗೆ ಮ್ಯಾನೇಜರ್ ಪರ್ಮಿಶನ್ ಕೊಡಿ ಸರ್."

ಅಪ್ಪ ನಕ್ಕ. "ಹೆಣ್ಮಗಳ ಹುಕುಂ ಅಂದ್ರ ನಮ್ಮ ಗಂಡಸ್ರು ಸ್ಪ್ಯಾನರ್ ಮುಟ್ಟಾಂಗಿಲ್ರಿ. ಮೊದ್ಲು ನನ್ನ ಹೆಂಡ್ತಿ ತಮ್ಮಂದು ಬರಕೊಳ್ರಿ, ಸಿರುಗುಪ್ಪದವಂದು. ಅವ್ನು ಮ್ಯಾನೇಜರ್."

"ಅವರು ಕಂಪ್ಯೂಟರ್ ನೋಡ್ತಾರಾ ಸರ್?"

"ನೋಡ್ತಾನೋ ಬಿಡ್ತಾನೋ, ಕೆಳಗ ಹಾಕಿದ್ರ ಮನ್ಯಾಗ ನನಗ ಅನ್ನ ಸಿಗಾಂಗಿಲ್ಲ. ಕುರುಗೋಡಿನವಂದೂ ಬರಕೊಳ್ರಿ. ಇವ್ನು ಮ್ಯಾನೇಜರ್ ಆಗಿ ಅವ್ನು ಆಗಲಿಲ್ಲಂದ್ರ ವಿಭೂತಿ ಅಳಸ್ಕಂಡು ಕುಂದ್ರತಾನ."

ಮದುವ್ಯಾಗ ಮೊದಲ್ನೇ ಪಂಕ್ತಿಗೆ ಯಾರು, ಎರಡನೇದಕ್ಕ ಯಾರು ಅಂತ ಕುಂದ್ರಿಸ್ತಾರಲ್ಲ, ಹಂಗ ನಮ್ಮಪ್ಪ ಪರ್ಮಿಶನ್ ಹಂಚಿದ. ವಯಸ್ಸಿಗೊಂದು, ಸಂಬಂಧಕ್ಕೊಂದು, ಸಿಟ್ಟಿಗೊಂದು. ಎಲ್ಲಾರಿಗೂ ಬಡಿಸಿ ಆದಮ್ಯಾಲ ತಳದಾಗ ಉಳದಿದ್ದು ಅಕ್ಕಗ. ಬರೀಬಹುದು, ಕಳಸಂಗಿಲ್ಲ. ಎಲ್ಲಾರ ಮ್ಯಾಲ ಇರೋ ಅಡ್ಮಿನ್ ಯಾರು ಅಂದ್ರ, ಅಪ್ಪಗ ಇಂಗ್ಲಿಷ್ ಬರಾಂಗಿಲ್ಲ, ಅದಕ್ಕ ನಾನು. ಪಿಯುಸಿನ್ಯಾಗ ಕೆಮಿಸ್ಟ್ರಿ ಫೇಲ್ ಆದವ್ನು, ಗಂಡ್ಮಗ, ಅಡ್ಮಿನ್. ಅಕ್ಕ ನನ್ನ ಕಡಿ ನೋಡಿದ್ಲು. ಆ ನೋಟಕ್ಕ ಜನರೇಟರ್ ಇಲ್ದನ ಬಲ್ಬ್ ಹತ್ತತಿತ್ತು.

ಅಲ್ಲಿಂದ ಶುರುವಾತು ನಮ್ಮ ಕಥಿ. ಅಕ್ಕ ಕಂಪ್ಲೇಂಟ್ ಬರಿತಿದ್ಲು, ಅದು ಒಪ್ಪಿಗಿಗೆ ಕಾದು ಕುಂದ್ರತಿತ್ತು. ಒಪ್ಪಿಗಿ ಕೊಡಬೇಕಾದ ಮಾಮ ಯಾವ್ದೋ ಇಂಜಿನ್ ಕೆಳಗ ಮಲಗಿರ್ತಿದ್ದ. ಅವ್ನ ಕಂಪ್ಯೂಟರ್ ಮ್ಯಾಲ ನಮ್ಮತ್ತಿ ಕಸೂತಿ ಬಟ್ಟಿ ಹೊಚ್ಚಿ, ಅದರ ಮ್ಯಾಲ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ಲು. ಕಾಕಾ ಒಬ್ನ ಒಪ್ಪಿಗಿ ಕೊಡಾಕ ಕಲ್ತ, ಕಲ್ತು ಏನ್ ಮಾಡಿದ ಅಂದ್ರ ಗುಡ್ಡ ಹತ್ತೋ ಕೆಲ್ಸ ಎಲ್ಲಾ ಮಾಮನ ಹೆಸರಿಗೆ ಹಾಕಿದ. ನಾ ಕಾಲೇಜಿನಿಂದ ಬರೋತನಕ ಅರ್ಧ ಜಿಲ್ಲಾ ಕತ್ತಲಾಗ ಕುಂತಿರ್ತಿತ್ತು, ಸುಳ್ಳಲ್ಲ. ನಾ ಬಂದು, "ಒಗ್ಗಾಣಿ ಮಿರ್ಚಿ ತರಿಸು, ಒಪ್ಪಿಗಿ ಕೊಡ್ತೀನಿ" ಅಂತಿದ್ದೆ. ತರಸ್ತಿದ್ಲು ಪಾಪ.

ಆಮ್ಯಾಲ ಸಿರುಗುಪ್ಪದ ಒಂದು ಮಿಲ್ಲಿನ್ಯಾಗ ಜನರೇಟರ್ ನಿಂತ್ಬಿಡ್ತು. ಕುಚಲಕ್ಕಿ ಮಾಡಾಕ ತೊಟ್ಟ್ಯಾಗ ಭತ್ತ ನೆನಿ ಹಾಕಿದ್ರು, ಟೈಮಿಗೆ ತಗಿಲಿಲ್ಲಂದ್ರ ಹುಳತು ನಾರತೈತಿ. ಅಕ್ಕ ಮುಂಜಾನೇ ಬರದ್ಲು. ಮಾಮ ಅದೇ ಮಿಲ್ಲಿನ ಎದುರಿಗೆ ಹೋಟ್ಲಾಗ ಚಾ ಕುಡ್ಕಂತ ಕುಂತಿದ್ದ. ಅಕ್ಕ ಫೋನ್ ಹಚ್ಚಿದ್ಲು.

"ಮಾಮಾ, ರೋಡ್ ದಾಟಿ ಹೋಗ್ರಿ ಸಾಕು, ಭತ್ತ ಕೆಡ್ತೈತಿ."

"ಮೆಸೇಜ್ ಬಂದಿಲ್ಲಲ್ಲವಾ."

"ನೀವ ಮ್ಯಾನೇಜರ್, ನೀವ ಒಪ್ಪಿಗಿ ಕೊಟ್ಕೊಳ್ರಿ."

"ನನಗ ನಾನ ಹುಕುಂ ಕೊಟ್ಕಳಾಕ ನನಗೇನ್ ಹುಚ್ಚೇನವಾ? ನಿನ್ನ ಮಾತು ಕೇಳಿ ಎದ್ದು ಹೋದ್ರ ಹೋಟ್ಲಾಗ ನಾಕ್ ಮಂದಿ ನೋಡ್ತಾರ. ಮ್ಯಾಲಿಂದ ಬರ್ಲಿ, ಹೋಗ್ತೀನಿ."

ಮ್ಯಾಲಿಂದ ಅಂದ್ರ ನಾನು. ನಾನು ಕಾಲೇಜಿನ ಹಿಂದ ಕ್ರಿಕೆಟ್ ಆಡಾಕ ಹೋಗಿದ್ದೆ, ಕಾಕಾ ಕ್ವಾರಿ ಗುಂಡ್ಯಾಗ ಇಳದಿದ್ದ, ಫೋನ್ ಹತ್ತಲಿಲ್ಲ. ಆ ಭತ್ತದ ನಾತ ಬಳ್ಳಾರಿತನಕ ಬಂತು. ವಾಸನಿ ಬರಲಿಲ್ಲ, ಮಿಲ್ ಮಾಲಕನ ಬೈಗುಳ ಬಂತು. ಅಪ್ಪ ಬೈದಿದ್ದು ಯಾರನ್ನ? ಅಕ್ಕನ್ನ. "ಒಂದು ಫೋನ್ ನೋಡ್ಕಣಾಕ ಆಗಾಂಗಿಲ್ಲೇನು ನಿನಗ?"

ಅವತ್ತು ಅಕ್ಕ ಅಳಲಿಲ್ಲ. ಅತ್ತಿದ್ರ ನಾ ನಕ್ಕು ಬಿಡ್ತಿದ್ದೆ. ಮುಂದಿನ ಕಂಪ್ಲೇಂಟ್ ಬರ್ಕಂತ ಕುಂತ್ಲು, ಅದ ನೋಡಾಕ ಆಗಲಿಲ್ಲ. ಅಡ್ಮಿನ್ ಅಲ್ಲೇನು ನಾನು, ಕುಂತವ್ನ ಒಂದು ಹೊಸ ಅಕೌಂಟ್ ಮಾಡಿದೆ. ಹೆಸರೇನು ಹಾಕೋದು? ಕೀಬೋರ್ಡಿನ್ಯಾಗ ಒಂದರ ಪಕ್ಕ ಒಂದು ಕುಂತಿರ್ತಾವಲ್ಲ, ಎ, ಎಸ್, ಡಿ, ಅವ ಮೂರು ಒತ್ತಿದೆ. ಮ್ಯಾನೇಜರ್ ಪರ್ಮಿಶನ್ ಕೊಟ್ಟೆ. ಪಾಸ್‌ವರ್ಡ್ ಚೀಟಿ ಅಕ್ಕಗ ಕೊಟ್ಟೆ.

"ಇವ್ನ್ಯಾರಲೇ?" ಅಂದ್ಲು.

"ನೀನ."

ಮರುದಿನ ಮಾಮಗ ಮೆಸೇಜ್ ಹೋತು, ಕೆಳಗ ಮೂರು ಅಕ್ಷರ. ಮಾಮ ಚಾ ಅರ್ಧಕ್ಕ ಬಿಟ್ಟು ಓಡಿದ. ನಾ ಕಂಡಿಲ್ಲ, ಆದ್ರ ಆ ವಯಸ್ಸಿನ್ಯಾಗ ಅವ್ನು ಓಡಿದ್ದು ನೋಡಿ ಹೋಟ್ಲು ಮಾಲಕ ರೊಕ್ಕ ಕೇಳೋದ ಮರ್ತನಂತ.

ಹಿಂಗ ಹುಟ್ಟಿದ್ರು ಎ.ಎಸ್.ಡಿ. ಸಾಹೇಬ್ರು. ಬರೇ ಇನಿಶಿಯಲ್ ಇದ್ದಿದ್ದಕ್ಕ ಯಾವ ಜಾತಿ ಮಂದಿ ಅಂತ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲಂತ ಎಲ್ಲಾರೂ ತಮ್ಮವ್ರ ಅಂದ್ಕಂಡ್ರು. ಕಾಕಾ, "ನಮ್ಮ ಮಂದಿನ ಐತಿ ತಮ್ಮಾ, ಗತ್ತು ನೋಡಿದ್ರ ತಿಳಿತೈತಿ" ಅಂದ. ಮಾಮ, ಸಾಹೇಬ್ರು ಆದೋನಿ ಕಡಿಯವ್ರು, ಉರ್ದು ಬಾಳ ಚಲೋ ಮಾತಾಡ್ತಾರ, ಎತ್ತರ ಅದಾರ ಅಂದ. "ನೀ ಎಲ್ಲಿ ನೋಡಿದಿ ಮಾಮಾ?" ಅಂದ್ರ, "ಬಸ್‌ಸ್ಟ್ಯಾಂಡಿನ್ಯಾಗ ಕಾರು ನಿಲ್ಲಿಸಿ ಕೈ ಮಾಡಿದ್ರಲೇ, ನಾನ ಬೀಡಿ ಹಿಂದ ಮುಚ್ಚಿಟ್ಟೆ" ಅಂದ.

ಅಪ್ಪನ ಸುದ್ದಿ ಕೇಳ್ರಿ. ಆವಾಗ ನಮ್ಮೂರಾಗ ಬಿಳಿ ಅಂಗಿ ಹಾಕ್ಕಂಡವ್ನು ದೊಡ್ಡ ಕಾರಿನಿಂದ ಇಳಿದ್ರ, ನೀವ್ಯಾರು ಅಂತ ಕೇಳೋ ಪದ್ಧತಿ ಇರಲಿಲ್ಲ. ಅವ್ನು ಯಾರದೋ ಯಾವನೋ ಇರ್ತಿದ್ದ, ಕೇಳಿದವ್ನು ಕೆಡ್ತಿದ್ದ. ಕಂಪ್ಯೂಟರಿನ್ಯಾಗ ಎ.ಎಸ್.ಡಿ. ಹೆಸರು ಕಂಡಾಗ ಅಪ್ಪ ನನ್ನ ಮೂಲಿಗೆ ಕರದು ಪಿಸುಗುಟ್ಟಿದ. "ಅದಿರು ಕಂಪನಿಯವ್ರು ತಮ್ಮ ಮನಷ್ಯಾನ್ನ ಒಳಗ ಇಟ್ಟಾರಲೇ. ಗೊತ್ತಿದ್ರೂ ಗೊತ್ತಿಲ್ಲದಂಗ ಇರು. ಆ ಹೆಸರಿಗೆ ಕೈ ಹಚ್ಚಬ್ಯಾಡ."

"ಇಲ್ಲಪ್ಪಾ, ದೇವ್ರಾಣಿ ಹಚ್ಚಾಂಗಿಲ್ಲ" ಅಂದೆ. ಆಮ್ಯಾಲ ಬಚ್ಚಲಕ್ಕ ಹೋಗಿ ಬಾಯಿಗೆ ಟವೆಲ್ ತುರುಕ್ಕಂಡು ನಕ್ಕೆ.

ಧಂದೆ ಹಂಗ ಓಡ್ತು ನೋಡ್ರಿ. ಮೆಸೇಜ್ ಹೋದ್ರ ಸಾಕು, ಮಂದಿ ಗಾಡಿ ಒದ್ದು ಹೊಂಡ್ತಿದ್ರು. ಕಾಕಾ ಒಂದ್ಸಲ ಕ್ವಾರಿಗೆ ತಡ ಮಾಡಿ ಹೋಗಿದ್ದಕ್ಕ ಅಕ್ಕ ಸಾಹೇಬ್ರಾಗಿ ಬೈದು ಮೆಸೇಜ್ ಕಳಿಸಿದ್ಲು. ಹಿಂದ ಫೋನ್ ಬಂತು, ಅಕ್ಕಗ.

"ಏನವ್ವಾ, ಸಾಹೇಬ್ರು ಸಿಟ್ಟಾಗ್ಯಾರೇನು? ನೀ ಒಂದು ಮಾತು ಹೇಳು ತಾಯಿ, ವಯಸ್ಸಾದವ್ನು ಅಂತ."

"ಹೇಳ್ತೀನಿ ಕಾಕಾ. ಆದ್ರ ಅವ್ರು ನನ್ನ ಮಾತು ಕೇಳಬೇಕಲ್ಲ."

"ಅದೂ ಖರೇ. ಹೆಣ್ಮಗಳ ಮಾತು ಅಂಥಾವ್ರು ಎಲ್ಲಿ ಕೇಳ್ತಾರ."

ಫೋನ್ ಇಟ್ಟಮ್ಯಾಲ ನಾನು ನಕ್ಕೆ. ಅಕ್ಕನೂ ನಗ್ತಾಳಂತ ನೋಡಿದೆ, ನಗಲಿಲ್ಲ. ಅಪ್ಪ ಹೊರಗ ಹೋದಾಗ ಸಾಹೇಬ್ರ ಅಕೌಂಟ್ ತಗೀತಿದ್ಲು, ಅಪ್ಪನ ಗಾಡಿ ಸಪ್ಪಳ ಕೇಳಿದ್ರ ಮುಚ್ಚಿ, ತನ್ನ ಹೆಸರಿನ ಸಣ್ಣ ಅಕೌಂಟಿಗೆ ವಾಪಸ್ ಬರ್ತಿದ್ಲು. ಇನ್ನೊಂದಿಷ್ಟು ದಿನ ತಡಿ, ಕಂಪನಿಯವ್ರು ಖುಷಿ ಆಗ್ಲಿ, ಆವಾಗ ಅಪ್ಪಗ ಹೇಳ್ತೀನಿ ಅಂತಿದ್ಲು.

ಕಂಪನಿಯವ್ರು ಖುಷಿ ಆದ್ರು. ಇನ್ನೂ ಮೂರು ಗಣಿ ಜನರೇಟರ್ ಕೊಟ್ರು. ಅಪ್ಪ ಜಿಲೇಬಿ ಪೊಟ್ಣ ಹಿಡ್ಕಂಡು ಮನಿಗೆ ಬಂದ, ಊಟಕ್ಕ ಕುಂತವ್ನ ಹೇಳಿದ. "ಅಲ್ಲಿ ದೊಡ್ಡ ಆಫೀಸರ್ ಏನಂದ ಗೊತ್ತೇನು? ಎ.ಎಸ್.ಡಿ. ಅಂತ ಒಬ್ರು ಅದಾರಲ್ಲ, ಅವ್ರು ಇರೋತನಕ ನಮಗ ಚಿಂತಿಲ್ಲ ಅಂದ."

ಅಕ್ಕನ ಮುಖ ಬೆಳಗ್ತು. ಹೇಳಾಕಂತ ಬಾಯಿ ತಗದ್ಲು.

ಅಪ್ಪ ಮೊದ್ಲ ಹೇಳಿದ. "ಇಷ್ಟ ದಿನ ನಿನ್ನ ಆ ಕುರ್ಚ್ಯಾಗ ಕುಂದ್ರಿಸಿ ಕಷ್ಟ ಕೊಟ್ಟೆ ತಾಯಿ. ಇನ್ನ ಸಾಹೇಬ್ರು ಎಲ್ಲಾ ನೋಡ್ಕಂತಾರ. ಬರೋ ದಾರ್ಯಾಗ ಸಿರುಗುಪ್ಪದ ಬೀಗರಿಗೆ ಫೋನ್ ಮಾಡಿ ನಿನ್ನ ಮದುವಿಗೆ ಹೂಂ ಅಂದೆ."

ಅವ್ವ ಅಕ್ಕನ ಬಾಯಾಗ ಜಿಲೇಬಿ ಇಟ್ಲು. ಅಕ್ಕ ಅದನ್ನ ನುಂಗಿದ್ಲು. ಮೂರು ಗಣಿ ತಂದವ್ಳು ಜಿಲೇಬಿ ನುಂಗಾಕ ಅಷ್ಟೊತ್ತು ತಗಂಡಿದ್ದು ನಾ ನೋಡಿರಲಿಲ್ಲ.

ಮರುದಿನ ಅಪ್ಪ ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ಅಕ್ಕ ಸಾಹೇಬ್ರ ಅಕೌಂಟ್ ತಗದು ಕುಂತಿದ್ಲು. ನಾ ಹೇಳಿದೆ, "ಸಾಹೇಬ್ರನ್ನ ಸಾಯಿಸಿಬಿಡೋಣ. ಲಾರಿ ಹಾಯ್ತು ಅಂದ್ರಾತು, ನಮ್ಮೂರಾಗ ಯಾರ ಬ್ಯಾಡ ಅಂತಾರ. ಆಮ್ಯಾಲ ಅಪ್ಪಗ ನೀನ ಬೇಕಾಗ್ತಿ."

"ಇವ್ನು ಸತ್ರ ಇನ್ನೊಬ್ಬ ಗಂಡಸನ್ನ ಹುಡುಕ್ತಾರಲೇ. ನನ್ನ ಹುಡುಕಾಂಗಿಲ್ಲ. ಇವತ್ತು ಅಪ್ಪ ಬರ್ಲಿ, ನಾ ಮುಚ್ಚಾಂಗಿಲ್ಲ."

ಗಾಡಿ ಸಪ್ಪಳ ಬಂತು. ನಾ ಮೌಸಿಗೆ ಕೈ ಹಾಕಾಕ ಹೋದ್ರ ಕೈ ಮ್ಯಾಲ ಹೊಡದ್ಲು. ಅಪ್ಪ ಒಳಗ ಬಂದ, ಟೊಪ್ಪಿಗಿ ತಗದು ಕಿಸೆದಾಗ ಇಟ್ಕಂತ ಅಕ್ಕನ ಹಿಂದ ನಿಂತ. ಅಕ್ಕ ಹೊಳ್ಳಿ ನೋಡಲಿಲ್ಲ. ಮಾಮಗ ಒಂದು ಮಿಲ್ಲಿನ ಕೆಲ್ಸಕ್ಕ ಒಪ್ಪಿಗಿ ಒತ್ತಿದ್ಲು. ಸ್ವಲ್ಪ ಹೊತ್ತಿಗೆ ಮಾಮನ ಉತ್ತರ ಬಂತು, ಹೊಂಟೆ ಸಾಹೇಬ್ರ ಅಂತ.

ಅಪ್ಪಗ ಇಂಗ್ಲಿಷ್ ಬರಾಂಗಿಲ್ಲ, ಆದ್ರ ಆ ಮೂರು ಅಕ್ಷರ ಬರ್ತಿದ್ವು. "ಯಾವಾಗಿನಿಂದ?" ಅಂದ.

"ಮೊದ್ಲಿನಿಂದ ಅಪ್ಪಾ."

"ಕಂಪನಿ ಕೆಲ್ಸ?"

"ನಾನ."

"ಕಾಕಾಗ ಬೈದಿದ್ದು?"

"ಅದೂ ನಾನ."

ಅಪ್ಪ ಅಕ್ಕನ ತಲಿ ಮ್ಯಾಲ ಕೈ ಇಟ್ಟ. "ಚಲೋ ಮಾಡಿದಿ. ನಾ ಮಾಡಿದ್ರೂ ಇಷ್ಟು ಆಗ್ತಿರಲಿಲ್ಲ." ನನಗ ಅನಿಸ್ತು, ಆತು, ಗೆದ್ವಿ.

ಅಪ್ಪ ನನ್ನ ಕಡಿ ಹೊಳ್ಳಿದ. "ಇದು ಹೊರಗ ಗೊತ್ತಾದ್ರ ನಿಮ್ಮ ಮಾಮ ನನ್ನ ಬಾಗ್ಲು ತುಳಿಯಾಂಗಿಲ್ಲ. ಕಂಪನಿಯವ್ರು ನಗ್ತಾರ. ಸಿರುಗುಪ್ಪದ ಬೀಗರು ಏನಂತಾರ. ಅಕೌಂಟ್ ಅಳಸಿಬಿಡು."

"ಯಾವುದು ಅಪ್ಪಾ? ಸಾಹೇಬ್ರದಾ, ಅಕ್ಕಂದಾ?"

"ಎರಡೂ. ಸಾಹೇಬ್ರಿಗೆ ಬ್ಯಾರೆ ಊರಿಗೆ ವರ್ಗ ಆತು ಅಂತ ಮಂದಿಗೆ ನಾ ಹೇಳ್ತೀನಿ."

ಅಕ್ಕಗ ಏನಾತು ಅಂತ ಹೇಳ್ತಿ ಅಂತ ನಾ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಎದ್ದು ಕುರ್ಚಿ ನನ್ನ ಕಡಿ ತಿರುಗಿಸಿದ್ಲು. ಆ ಮನ್ಯಾಗ ಅಕೌಂಟ್ ಅಳಸಾಕ ಪರ್ಮಿಶನ್ ಇದ್ದಿದ್ದು ನನಗೊಬ್ಬನಿಗೇ.